ವೋಲ್ಟೇಜು ಇಳಿಸಿದರೆ ವೇಗವೂ ಇಳಿಯುವುದೆ?

ಯಂತ್ರಕ್ಕೆ ಉಣಿಸುವ ಶಕ್ತಿಯನ್ನು ಕಡಮೆ ಮಾಡಿದರೆ ಅದು ಮಾಡುವ ಕೆಲಸವೂ ಕಡಮೆಯಾಗತಕ್ಕದ್ದು ಎಂಬುದು ಲೋಕಸಾಮಾನ್ಯವಾದ ತಿಳಿವಳಿಕೆ. ಮೇವು ಸಾಲದ ಎತ್ತು ನೇಗಿಲನ್ನು ಎಳೆಯದು. ಎಣ್ಣೆ ತೀರಿದ ದೀಪ ಮಂಕಾಗುವುದು. ಆದರೆ ಗಣಕಯಂತ್ರಗಳನ್ನು ಬಳಸುವವರಲ್ಲಿ ಈಚಿನ ವರ್ಷಗಳಲ್ಲಿ ಒಂದು ವಿಚಿತ್ರವಾದ ರೂಢಿ ಹಬ್ಬಿದೆ. ಚಿತ್ರಗಳನ್ನು ರಚಿಸಿ ತೆರೆಗೆ ಕಳುಹಿಸುವ ಗ್ರಾಫಿಕ್ಸ್ ಕಾರ್ಡಿಗೆ ಕಾರ್ಖಾನೆಯವರು ಗೊತ್ತುಮಾಡಿಕೊಟ್ಟಿರುವ ವೋಲ್ಟೇಜನ್ನು ಅವರು ತಮ್ಮ ಕೈಯಾರೆ ಇಳಿಸುತ್ತಾರೆ. ಕಾರ್ಡಿನ ಬಿಸಿ ತಗ್ಗುತ್ತದೆ. ಫ್ಯಾನುಗಳ ಮೊರೆತ ಅಡಗುತ್ತದೆ. ಆದರೆ ಕೆಲಸದ ವೇಗ ಮಾತ್ರ ಇಳಿಯುವುದಿಲ್ಲ. ಕೆಲವೊಮ್ಮೆ ಏರುವುದೂ ಉಂಟು! ಅದೇ ಕಾರ್ಡಿನ ಮೆಮೊರಿಯ ವೇಗವನ್ನು ಹೆಚ್ಚಿಸಹೊರಟವರಿಗಾದರೋ ಇದಕ್ಕೆ ತೀರ ವಿರುದ್ಧವಾದ ಅನುಭವವಾಗುವುದುಂಟು: ಒಂದು ಎಲ್ಲೆಯನ್ನು ದಾಟಿದ ಮೇಲೆ ಮೆಮೊರಿಯ ವೇಗ ಹೆಚ್ಚಿದಂತೆಲ್ಲ ಕೆಲಸ ನಿಧಾನವಾಗುತ್ತದೆ.

ಇದೇನು, ಭೌತಶಾಸ್ತ್ರದ ನಿಯಮಗಳು ಇಲ್ಲಿ ತಲೆಕೆಳಗಾದುವೆ? ನಮ್ಮ ವಿದ್ಯಾರ್ಥಿಗಳು ಇದನ್ನು ಆಗಾಗ ಕೇಳುತ್ತಿರುತ್ತಾರೆ. ಉತ್ತರವೇನೋ ಅವರು ಓದಿ ಪರೀಕ್ಷೆ ಬರೆದು ಮರೆತುಬಿಡುವ ಕಂಡೆನ್ಸರಿನ ಪಾಠದಲ್ಲಿಯೇ ಇದೆ.

ಮಾತು ಸ್ಪಷ್ಟವಾಗಲೆಂದು ಒಂದೇ ಕಾರ್ಡನ್ನು ಉದಾಹರಣೆಯಾಗಿ ಹಿಡಿಯೋಣ. 2020ರ ಸೆಪ್ಟೆಂಬರ್ 17ರಂದು ಮಾರಾಟಕ್ಕೆ ಬಂದ, ಎನ್‌ವಿಡಿಯಾ ಕಂಪೆನಿಯ ಜಿಫೋರ್ಸ್ ಆರ್‌ಟಿಎಕ್ಸ್ 3080 ಎಂಬುದು ಆ ಕಾರ್ಡು. ಅದಾದ ಮೇಲೆ ಹೊಸ ಕಾರ್ಡುಗಳು ಬಂದಿವೆ. ಆದರೂ ನಾವು ಹೇಳಬೇಕಾದ ಎರಡು ವಿಷಯಗಳೂ ಇದರಲ್ಲಿ ಎದ್ದುಕಾಣುವುದರಿಂದ ಇದನ್ನೇ ಆರಿಸಿಕೊಂಡಿದ್ದೇವೆ. ಕಾರ್ಡಿನ ನಡುವೆ ಇರುವ ಸಿಲಿಕಾನ್ ಬಿಲ್ಲೆಯ ವಿಸ್ತೀರ್ಣ 628 ಚದರ ಮಿಲಿಮೀಟರು, ಎಂದರೆ ಒಂದು ಅಂಚೆಚೀಟಿಯಷ್ಟು. ಅದರೊಳಗೆ 2,830 ಕೋಟಿ ಟ್ರಾನ್ಸಿಸ್ಟರುಗಳು ಅಡಗಿವೆ. ಇಡೀ ಕಾರ್ಡಿಗೆ ಗೊತ್ತುಪಡಿಸಿರುವ ವಿದ್ಯುತ್ ವ್ಯಯ 320 ವಾಟು. ಮೂರು ಗಂಟೆಯ ಹೊತ್ತು ಪೂರ್ಣವಾಗಿ ದುಡಿದರೆ ಹೆಚ್ಚುಕಡಮೆ ಒಂದು ಯೂನಿಟ್ ವಿದ್ಯುತ್ತು.

ಯೂನಿಟ್ಟಿನ ಲೆಕ್ಕದಲ್ಲಿ ಇದು ಅಂಥ ದೊಡ್ಡ ಸಂಗತಿಯಲ್ಲ. ಆದರೆ ಆ ಶಾಖ ಹುಟ್ಟುವ ಜಾಗವೆಷ್ಟು ಕಿರಿದೆಂಬುದನ್ನು ನೋಡಿದರೆ ಬೆರಗಾಗುತ್ತದೆ. 320 ವಾಟಿನಲ್ಲಿ ಬಿಲ್ಲೆಯೊಂದಕ್ಕೇ 200 ವಾಟು ಸಲ್ಲುತ್ತದೆಂದು ಇಟ್ಟುಕೊಳ್ಳೋಣ. ಉಳಿದದ್ದು ಮೆಮೊರಿ, ಫ್ಯಾನು ಮುಂತಾದುವಕ್ಕೆ. ಆಗ ಬಿಲ್ಲೆಯ ಒಂದೊಂದು ಚದರ ಸೆಂಟಿಮೀಟರಿನಿಂದಲೂ ಸುಮಾರು 32 ವಾಟು ಶಾಖ ಹೊರಹೊಮ್ಮಬೇಕು. ಮನೆಯಲ್ಲಿರುವ 1,000 ವಾಟಿನ ಇಸ್ತ್ರಿಪೆಟ್ಟಿಗೆಯ ತಳ 200 ಚದರ ಸೆಂಟಿಮೀಟರು ಇದ್ದರೆ ಅಲ್ಲಿ ಬರುವುದು ಐದೇ ವಾಟು! ಇನ್ನು ಬಿಲ್ಲೆಗೆ ಕೊಡುವ ವೋಲ್ಟೇಜು ಸುಮಾರು ಒಂದು ವೋಲ್ಟು ಮಾತ್ರ. ಆದುದರಿಂದ ಅದರೊಳಕ್ಕೆ ಹರಿಯಬೇಕಾದ ವಿದ್ಯುತ್ಪ್ರವಾಹ 200 ಆಂಪೇರು. ಇಸ್ತ್ರಿಪೆಟ್ಟಿಗೆಗೆ ನಾಲ್ಕೂಕಾಲು ಆಂಪೇರು ಸಾಕು.

ಈ ಶಕ್ತಿಯೆಲ್ಲ ಯಾವುದಕ್ಕೆ ವ್ಯಯವಾಗುತ್ತದೆ? 1963ರಲ್ಲಿ ಅಮೆರಿಕದ ಫೇರ್‌ಚೈಲ್ಡ್ ಕಂಪೆನಿಯಲ್ಲಿದ್ದ ಫ್ರಾಂಕ್ ವಾನ್‌ಲಾಸ್ ಮತ್ತು ಚಿ-ಟಾಂಗ್ ಸಾ ಎಂಬವರು ಟ್ರಾನ್ಸಿಸ್ಟರುಗಳನ್ನು ಜೋಡಿಜೋಡಿಯಾಗಿ ಹೆಣೆಯುವ ಒಂದು ವಿಧಾನವನ್ನು ಲೋಕದ ಮುಂದಿಟ್ಟರು. ಜೋಡಿಯಲ್ಲಿ ಒಂದು ತೆರೆದಿದ್ದಾಗ ಇನ್ನೊಂದು ಮುಚ್ಚಿರುತ್ತದೆ. ಆದ್ದರಿಂದ ಸುಮ್ಮನಿರುವಾಗ ಅಲ್ಲಿ ಪ್ರವಾಹ ಹೆಚ್ಚುಕಡಮೆ ಇಲ್ಲವೇ ಇಲ್ಲ; 0 ಎಂಬುದು 1 ಆಗುವಾಗ, 1 ಎಂಬುದು 0 ಆಗುವಾಗ ಮಾತ್ರ ಶಕ್ತಿ ವ್ಯಯವಾಗುತ್ತದೆ. ಇಂದಿನ ಬಿಲ್ಲೆಗಳೆಲ್ಲ ಈ ವಿಧಾನದವೇ. ಇಲ್ಲಿ 1 ಎಂದರೆ ತುಂಬಿದ ಕಂಡೆನ್ಸರು, 0 ಎಂದರೆ ಬರಿದಾದ ಕಂಡೆನ್ಸರು. ಕೋಟಿಗಟ್ಟಲೆ ಅತಿಸೂಕ್ಷ್ಮ ಕಂಡೆನ್ಸರುಗಳು ಸೆಕೆಂಡಿಗೆ ನೂರಾರು ಕೋಟಿ ಸಲ ತುಂಬಿ ಬರಿದಾಗುವುದೇ ಗಣನೆ.

ಹೊಲದಲ್ಲಿ ಏತ ಹಾಕಿ ತೊಟ್ಟಿ ತುಂಬಿಸುವುದನ್ನು ನೆನೆಯಿರಿ. ತೊಟ್ಟಿಯಲ್ಲಿ ನೀರು ಎಷ್ಟು ಎತ್ತರ ನಿಲ್ಲಬೇಕೋ ಕನಿಷ್ಠಪಕ್ಷ ಅಷ್ಟು ಎತ್ತರಕ್ಕೆ ನೀರನ್ನು ಎತ್ತಿ ಸುರಿಯಬೇಕು. ಎತ್ತರ ಹೆಚ್ಚಿದಂತೆ ಎರಡು ಬಗೆಯಲ್ಲಿ ಶ್ರಮ ಹೆಚ್ಚುತ್ತದೆ. ಒಂದನೆಯದಾಗಿ, ಎತ್ತಬೇಕಾದ ನೀರಿನ ಮೊತ್ತವೇ ಹೆಚ್ಚುತ್ತದೆ. ಎರಡನೆಯದಾಗಿ, ಪ್ರತಿಯೊಂದು ಕೊಡವನ್ನೂ ಹೆಚ್ಚು ಮೇಲಕ್ಕೆ ಎತ್ತಬೇಕಾಗುತ್ತದೆ. ವಿದ್ಯುತ್ತಿನಲ್ಲಿಯೂ ಹೀಗೆಯೇ. ಕಂಡೆನ್ಸರಿನಲ್ಲಿ ತುಂಬುವ ವಿದ್ಯುದಂಶವು ವೋಲ್ಟೇಜಿಗೆ ಅನುಪಾತವಾಗಿರುತ್ತದೆ; ಆ ವಿದ್ಯುದಂಶವನ್ನು ಒದಗಿಸಲು ಬೇಕಾದ ಕೆಲಸ ಮತ್ತೊಮ್ಮೆ ವೋಲ್ಟೇಜಿಗೆ ಅನುಪಾತವಾಗಿರುತ್ತದೆ. ಆದುದರಿಂದ ಒಂದು ಸಲ ತುಂಬಿ ಬರಿದುಮಾಡುವುದಕ್ಕೆ ತಗಲುವ ಶಕ್ತಿ ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. ಒಟ್ಟಿನಲ್ಲಿ,

ವಿದ್ಯುತ್ ವ್ಯಯ = ಧಾರಕತೆ × (ವೋಲ್ಟೇಜು)² × ಆವರ್ತಾಂಕ.

ಇಲ್ಲಿ ಧಾರಕತೆಯೆಂದರೆ ಪ್ರತಿ ಬಡಿತದಲ್ಲಿಯೂ ನಿಜವಾಗಿ ತುಂಬಿ ಬರಿದಾಗುವ ಕಂಡೆನ್ಸರುಗಳ ಒಟ್ಟು ಧಾರಕತೆ. ಆವರ್ತಾಂಕವೆಂದರೆ ಗಡಿಯಾರದ ಬಡಿತ ಸೆಕೆಂಡಿಗೆ ಎಷ್ಟೆಂಬ ಸಂಖ್ಯೆ. ಪಠ್ಯಪುಸ್ತಕದ ಸೂತ್ರದಲ್ಲಿ ½ ಇದೆಯಲ್ಲ, ಅದೆಲ್ಲಿ ಹೋಯಿತೆಂದು ಜಾಣ ವಿದ್ಯಾರ್ಥಿ ಕೇಳಿಯಾನು. ತುಂಬುವಾಗಲೇ ಅರ್ಧ ಶಕ್ತಿ ಟ್ರಾನ್ಸಿಸ್ಟರಿನ ರೋಧದಲ್ಲಿ ಶಾಖವಾಗಿ ಹೋಗುತ್ತದೆ. ಕಂಡೆನ್ಸರಿನಲ್ಲಿ ನಿಂತ ಉಳಿದರ್ಧ ಬರಿದಾಗುವಾಗ ಶಾಖವಾಗುತ್ತದೆ. ರೋಧ ಹೆಚ್ಚಿರಲಿ ಕಡಮೆಯಿರಲಿ, ಈ ಅರ್ಧಾಂಶದ ಲೆಕ್ಕ ಬದಲಾಗದು. ಇದನ್ನು ಸ್ವತಃ ಅನುಕಲನ ಮಾಡಿ ನೋಡುವುದು ಒಳ್ಳೆಯ ಅಭ್ಯಾಸ.

ಈಗ ಲೆಕ್ಕ ಹಾಕೋಣ. ಬಿಲ್ಲೆ 1.05 ವೋಲ್ಟಿನಲ್ಲಿ ನಡೆಯುತ್ತಿದೆ. ಆವರ್ತಾಂಕವನ್ನು ಮುಟ್ಟದೆ ವೋಲ್ಟೇಜನ್ನು ಮಾತ್ರ 0.90ಕ್ಕೆ ಇಳಿಸೋಣ. 0.90ನ್ನು 1.05ರಿಂದ ಭಾಗಿಸಿ ವರ್ಗ ಮಾಡಿದರೆ 0.735 ಬರುತ್ತದೆ. ಏಳನೆಯ ಒಂದು ಪಾಲು ವೋಲ್ಟೇಜನ್ನು ತೆಗೆದದ್ದಕ್ಕೆ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಶಾಖ ಮಾಯವಾಯಿತು. ಬಡಿತಗಳ ಸಂಖ್ಯೆ ಒಂದೂ ಕಡಮೆಯಾಗಿಲ್ಲ. ಆದುದರಿಂದ ಕೆಲಸವೂ ಕಡಮೆಯಾಗಿಲ್ಲ. ಇದರ ಮೇಲೆ ಒಂದು ಕೊಸರೂ ಉಂಟು. ಮುಚ್ಚಿದ ಟ್ರಾನ್ಸಿಸ್ಟರುಗಳ ಮೂಲಕ ಸದಾ ಅಷ್ಟಿಷ್ಟು ಪ್ರವಾಹ ಸೋರುತ್ತಿರುತ್ತದೆ. ಬಿಲ್ಲೆ ತಣ್ಣಗಾದಷ್ಟೂ ಆ ಸೋರಿಕೆ ತಗ್ಗುತ್ತದೆ. ಸೋರಿಕೆ ತಗ್ಗಿದಷ್ಟೂ ಬಿಲ್ಲೆ ಇನ್ನಷ್ಟು ತಣ್ಣಗಾಗುತ್ತದೆ.

ಹಾಗಾದರೆ ವೋಲ್ಟೇಜನ್ನು ಅರ್ಧಕ್ಕೆ, ಕಾಲಿಗೆ ಏಕೆ ಇಳಿಸಬಾರದು? ಇಲ್ಲಿಯೇ ತೊಡಕಿರುವುದು. ಆವರ್ತಾಂಕ 1,900 ಮೆಗಾಹರ್ಟ್ಸ್ ಇದ್ದಾಗ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಣ ಕಾಲ ಸುಮಾರು 0.53 ನ್ಯಾನೋಸೆಕೆಂಡು. ಬೆಳಕು ಅಷ್ಟರಲ್ಲಿ ಹದಿನಾರು ಸೆಂಟಿಮೀಟರು ಸಾಗೀತು. ಒಂದು ಗೇಣನ್ನೂ ಪೂರೈಸದು. ಅಷ್ಟು ಅವಧಿಯೊಳಗೆ ಸಾಲಾಗಿ ನಿಂತ ಹಲವು ಟ್ರಾನ್ಸಿಸ್ಟರು ಜೋಡಿಗಳು, ಒಂದರ ಬೆನ್ನಿಗೆ ಒಂದು, ತಮ್ಮ ಕಂಡೆನ್ಸರುಗಳನ್ನು ತುಂಬಿ ಮುಗಿಸಿರಬೇಕು. ವೋಲ್ಟೇಜು ಕಡಮೆಯಾದರೆ ತುಂಬುವ ಪ್ರವಾಹ ಕ್ಷೀಣಿಸಿ ಪ್ರತಿಯೊಂದು ಜೋಡಿಯೂ ತಡಮಾಡುತ್ತದೆ. ಬಿಲ್ಲೆಯಲ್ಲಿ ಇಂಥ ಸಾಲುಗಳು ಅಸಂಖ್ಯವಾಗಿವೆ. ಅವುಗಳಲ್ಲಿ ಅತ್ಯಂತ ನಿಧಾನವಾದ ಒಂದೇ ಒಂದು ಸಾಲು ಮುಂದಿನ ಬಡಿತಕ್ಕೆ ಸಿದ್ಧವಾಗಿರದಿದ್ದರೆ ಸಾಕು, ಉತ್ತರ ತಪ್ಪಾಗುತ್ತದೆ. ಉಳಿದವೆಲ್ಲ ಸಕಾಲದಲ್ಲಿ ಮುಗಿಸಿದ್ದರೂ ಪ್ರಯೋಜನವಿಲ್ಲ.

ಕಾರ್ಖಾನೆಯವರು ಈ ಅಪಾಯಕ್ಕೆ ಹೆದರಿಯೇ ವೋಲ್ಟೇಜನ್ನು ಸ್ವಲ್ಪ ಮೇಲಕ್ಕೆ ಇಟ್ಟಿರುತ್ತಾರೆ. ಒಂದೇ ಅಚ್ಚಿನಿಂದ ಬಂದ ಬಿಲ್ಲೆಗಳು ಒಂದರಂತೆ ಒಂದು ಇರುವುದಿಲ್ಲ. ಟ್ರಾನ್ಸಿಸ್ಟರಿನ ಗಾತ್ರ ಈಗ ಎಷ್ಟು ಕಿರಿದಾಗಿದೆಯೆಂದರೆ ಅದರಲ್ಲಿ ಬೆರಸಿದ ಪರಮಾಣುಗಳ ಸಂಖ್ಯೆಯಲ್ಲಿ ಕೆಲವು ಹೆಚ್ಚುಕಡಮೆಯಾದರೂ ಗುಣ ಬದಲಾಗುತ್ತದೆ. ಪ್ರತಿ ಬಿಲ್ಲೆಯನ್ನೂ ಪರೀಕ್ಷಿಸುವುದೇನೋ ಉಂಟು. ಆದರೆ ಒಂದೊಂದರ ಮುಂದೆ ದಿನಗಟ್ಟಲೆ ಕುಳಿತಿರಲು ಯಾವ ಕಾರ್ಖಾನೆಗೂ ಸಾಧ್ಯವಿಲ್ಲ. ಅಲ್ಲದೆ ಆ ಬಿಲ್ಲೆ ಕಲಬುರಗಿಯ ಬೇಸಿಗೆಯಲ್ಲಿ ದೂಳು ತುಂಬಿದ ಪೆಟ್ಟಿಗೆಯೊಳಗೆ ದುಡಿಯಬೇಕಾಗಬಹುದು. ವರ್ಷಗಳು ಕಳೆದಂತೆ ಟ್ರಾನ್ಸಿಸ್ಟರುಗಳು ಮುಪ್ಪಾಗಿ ನಿಧಾನವಾಗುವುವು. ಕೆಲಸ ಥಟ್ಟನೆ ಹೆಚ್ಚಿದ ಕ್ಷಣದಲ್ಲಿ ಪ್ರವಾಹ ಏರುವಾಗ ವೋಲ್ಟೇಜು ಒಂದಿಷ್ಟು ಕುಸಿಯುವುದು. ಇವಕ್ಕೆಲ್ಲ ಎಂದು ಕಾದಿರಿಸಿದ ಅಂಚು ಅದು. ಬೆಳೆಯುವ ಹುಡುಗನ ಅಂಗಿಯನ್ನು ದರ್ಜಿ ಒಂದು ಅಂಗುಲ ಸಡಿಲವಾಗಿ ಹೊಲಿಯುವಂತೆಯೇ ಇದೂ. ನಿಮ್ಮ ಪಾಲಿಗೆ ಬಂದ ಬಿಲ್ಲೆ ಉತ್ತಮವಾಗಿದ್ದು, ನಿಮ್ಮ ಕೋಣೆ ತಂಪಾಗಿದ್ದರೆ, ಆ ಅಂಚಿನಲ್ಲಿ ಬಹುಭಾಗ ವ್ಯರ್ಥವಾಗಿ ಶಾಖವಾಗುತ್ತಿರುತ್ತದೆ.

ಅಂಚು ಸಾಲದೆ ಹೋದರೆ ಏನಾಗುವುದೆಂಬುದಕ್ಕೂ ಈ ಕಾರ್ಡೇ ಸಾಕ್ಷಿ. ಮಾರಾಟಕ್ಕೆ ಬಂದ ಮೊದಲ ದಿನಗಳಲ್ಲಿ ಕೆಲವು ಕಾರ್ಡುಗಳು 2,000 ಮೆಗಾಹರ್ಟ್ಸಿನ ಸಮೀಪಕ್ಕೆ ಏರಿದೊಡನೆ ಆಟದ ನಡುವೆಯೇ ನಿಂತುಬಿಡುತ್ತಿದ್ದುವು. ಬಿಲ್ಲೆಯ ಹಿಂಬದಿಯಲ್ಲಿ ವೋಲ್ಟೇಜಿನ ಕುಸಿತವನ್ನು ತಡೆಯಲೆಂದು ಇಟ್ಟ ಕಂಡೆನ್ಸರುಗಳು ಯಾವ ಜಾತಿಯವಾಗಿರಬೇಕೆಂಬ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. 2020ರ ಸೆಪ್ಟೆಂಬರ್ 28ರಂದು ಎನ್‌ವಿಡಿಯಾ ಹೊರಡಿಸಿದ ಹೊಸ ತಂತ್ರಾಂಶದಿಂದ ತೊಂದರೆ ಶಮನವಾಯಿತು.

ಇಲ್ಲೊಂದು ಐತಿಹಾಸಿಕ ಪ್ರಶ್ನೆಯೂ ಏಳುತ್ತದೆ. ಹಿಂದಿನ ಬಿಲ್ಲೆಗಳು ಐದು ವೋಲ್ಟಿನಲ್ಲಿ ನಡೆಯುತ್ತಿದ್ದುವು, ಆಮೇಲೆ 3.3, ಆಮೇಲೆ ಸುಮಾರು ಒಂದು. ಅಲ್ಲಿಗೆ ಬಂದು ಇಳಿತ ಏಕೆ ನಿಂತಿತು? 1974ರಲ್ಲಿ ಐಬಿಎಂ ಕಂಪೆನಿಯ ರಾಬರ್ಟ್ ಡೆನಾರ್ಡ್ ಮತ್ತು ಅವರ ಸಂಗಡಿಗರು ಒಂದು ಸೊಗಸಾದ ನಿಯಮವನ್ನು ತೋರಿಸಿಕೊಟ್ಟಿದ್ದರು: ಟ್ರಾನ್ಸಿಸ್ಟರಿನ ಅಳತೆಯೊಂದಿಗೆ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಕುಗ್ಗಿಸುತ್ತ ಹೋದರೆ ಎಷ್ಟೇ ಒತ್ತೊತ್ತಾಗಿ ಟ್ರಾನ್ಸಿಸ್ಟರುಗಳನ್ನು ತುಂಬಿದರೂ ಚದರ ಸೆಂಟಿಮೀಟರಿಗೆ ಹುಟ್ಟುವ ಶಾಖ ಹೆಚ್ಚದು. ಮೂರು ದಶಕಗಳ ಕಾಲ ಯಂತ್ರಗಳ ವೇಗ ಬೆಳೆದದ್ದು ಈ ವರದಿಂದ. ಆದರೆ ವೋಲ್ಟೇಜು ಇಳಿದಂತೆ ಟ್ರಾನ್ಸಿಸ್ಟರು ತೆರೆದುಕೊಳ್ಳುವ ಹೊಸ್ತಿಲ ವೋಲ್ಟೇಜೂ ಇಳಿಯಬೇಕು; ಅದು ಇಳಿದರೆ ಸೋರಿಕೆ ಹೆಚ್ಚುತ್ತದೆ. ಎಷ್ಟು? ಕೋಣೆಯ ಉಷ್ಣತೆಯಲ್ಲಿ ಹೊಸ್ತಿಲನ್ನು ಸುಮಾರು 60 ಮಿಲಿವೋಲ್ಟು ತಗ್ಗಿಸಿದರೆ ಸೋರಿಕೆ ಹತ್ತುಪಟ್ಟಾಗುತ್ತದೆ, ಅದೂ ಅತ್ಯುತ್ತಮವಾದ ಟ್ರಾನ್ಸಿಸ್ಟರಿನಲ್ಲಿ! ಈ 60 ಎಂಬ ಸಂಖ್ಯೆ ಯಾವ ಕಾರ್ಖಾನೆಯ ದೌರ್ಬಲ್ಯವೂ ಅಲ್ಲ. ಬೋಲ್ಟ್ಸ್‌ಮನ್ನನ ನಿಯತಾಂಕ, ಎಲೆಕ್ಟ್ರಾನಿನ ವಿದ್ಯುದಂಶ, ಕೋಣೆಯ ಉಷ್ಣತೆ ಇವು ಮೂರರಿಂದ ಹುಟ್ಟಿದ್ದು. ಸುಮಾರು 2005ರ ಹೊತ್ತಿಗೆ ಈ ಗೋಡೆ ಅಡ್ಡಬಂದು ಡೆನಾರ್ಡರ ನಿಯಮ ಸಲ್ಲದೆ ಹೋಯಿತು. ಟ್ರಾನ್ಸಿಸ್ಟರುಗಳು ಮತ್ತಷ್ಟು ಕಿರಿದಾದುವು, ವೋಲ್ಟೇಜು ಮಾತ್ರ ಅಲ್ಲಿಯೇ ನಿಂತಿತು. ಗ್ರಾಫಿಕ್ಸ್ ಕಾರ್ಡುಗಳು ಒಲೆಗಳಾದುದು ಹೀಗೆ. ನೂರೈವತ್ತು ಮಿಲಿವೋಲ್ಟಿಗೆ ಇಂದು ಇಷ್ಟೊಂದು ಬೆಲೆ ಬಂದಿರುವುದೂ ಇದರಿಂದಲೇ.

ವೋಲ್ಟೇಜು ಇಳಿಸಿದಾಗ ವೇಗ ಏರುವುದುಂಟೆಂದೆವಷ್ಟೆ. ಇದರ ರಹಸ್ಯ ಸರಳ. ಕಾರ್ಡು 320 ವಾಟನ್ನು ಮೀರದಂತೆ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಕೆಲಸ ಭಾರಿಯಾಗಿದ್ದರೆ ಮಿತಿ ಬೇಗನೆ ಮುಟ್ಟಿ, ಅದು ಬಡಿತವನ್ನು ತಗ್ಗಿಸಿಕೊಳ್ಳುತ್ತದೆ. ವೋಲ್ಟೇಜು ಕಡಮೆಯಿದ್ದರೆ ಅದೇ 320 ವಾಟಿನೊಳಗೆ ಹೆಚ್ಚು ಬಡಿತಗಳು ಹಿಡಿಸುತ್ತವೆ.

ಇನ್ನು ಇಳಿಸುವ ಕ್ರಮ. ಎಂಎಸ್ಐ ಆಫ್ಟರ್‌ಬರ್ನರ್ ಎಂಬ, ಬೆಲೆ ತೆರಬೇಕಿಲ್ಲದ ತಂತ್ರಾಂಶವೊಂದಿದೆ. ಅದರಲ್ಲಿ ಅಡ್ಡಗೆರೆಯ ಮೇಲೆ ವೋಲ್ಟೇಜು, ಲಂಬಗೆರೆಯ ಮೇಲೆ ಆವರ್ತಾಂಕ ಇರುವ ಒಂದು ನಕ್ಷೆ ತೆರೆದುಕೊಳ್ಳುತ್ತದೆ. ಯಾವುದನ್ನೂ ಮುಟ್ಟುವ ಮೊದಲು ಒಂದು ಗೊತ್ತಾದ ಕೆಲಸವನ್ನು ಕಾರ್ಡಿಗೆ ಕೊಟ್ಟು, ಅರ್ಧ ಗಂಟೆ ನಡೆಸಿ, ಆವರ್ತಾಂಕ, ವಾಟು, ಉಷ್ಣತೆ, ಕೆಲಸದ ವೇಗ ನಾಲ್ಕನ್ನೂ ಬರೆದಿಟ್ಟುಕೊಳ್ಳಬೇಕು. ಕೋಣೆಯ ಉಷ್ಣತೆಯನ್ನೂ ಬರೆದುಕೊಂಡರೆ ಒಳ್ಳೆಯದು. ರಾತ್ರಿಯ ಅಳತೆಯನ್ನು ಮಧ್ಯಾಹ್ನದ ಅಳತೆಯೊಂದಿಗೆ ಹೋಲಿಸಿ ಹಿಗ್ಗುವವರನ್ನು ಕಂಡಿದ್ದೇವೆ. ಬಳಿಕ ನಕ್ಷೆಯಲ್ಲಿ, ಉದಾಹರಣೆಗೆ, 900 ಮಿಲಿವೋಲ್ಟಿನ ಬಿಂದುವನ್ನು ಹಿಡಿದು 1,800 ಮೆಗಾಹರ್ಟ್ಸಿಗೆ ಎತ್ತಿ, ಅದರ ಬಲಗಡೆಯ ಬಿಂದುಗಳನ್ನೆಲ್ಲ ಅದೇ ಎತ್ತರಕ್ಕೆ ಸಮಮಾಡಬೇಕು. ಆಗ ಕಾರ್ಡು 900ನ್ನು ದಾಟಿ ಹೋಗಲು ಕಾರಣವೇ ಇರುವುದಿಲ್ಲ. ಮತ್ತೆ ಅದೇ ಕೆಲಸ, ಅದೇ ಅಳತೆ. ತೊಂದರೆಯಿಲ್ಲದಿದ್ದರೆ 25 ಮಿಲಿವೋಲ್ಟು ಕೆಳಗೆ. ಒಂದು ಹಂತದಲ್ಲಿ ತೆರೆ ಕಪ್ಪಾಗುತ್ತದೆ ಅಥವಾ ಕೆಲಸ ನಡುವೆಯೇ ನಿಲ್ಲುತ್ತದೆ. ಹೆದರಬೇಕಿಲ್ಲ, ವೋಲ್ಟೇಜು ಕಡಮೆಯಾದುದರಿಂದ ಬಿಲ್ಲೆ ಸುಡುವುದಿಲ್ಲ, ಯಂತ್ರವನ್ನು ಮತ್ತೆ ಚಾಲೂ ಮಾಡಿದರಾಯಿತು. ಒಂದೆರಡು ಹೆಜ್ಜೆ ಹಿಂದಕ್ಕೆ ಬಂದು ನಿಲ್ಲಬೇಕು. ಒಂದು ಆಟದಲ್ಲಿ ಗಟ್ಟಿಯಾಗಿ ನಿಂತ ಕಾರ್ಡು ಇನ್ನೊಂದರಲ್ಲಿ ಬೀಳಬಹುದಾದ್ದರಿಂದ ಬೇರೆಬೇರೆ ಕೆಲಸಗಳಲ್ಲಿ ಕೆಲವು ದಿನ ನೋಡುವುದು ಅವಶ್ಯ. ಪಕ್ಕದ ಮನೆಯವನ ಕಾರ್ಡಿನ ಸಂಖ್ಯೆಯನ್ನು ನಕಲುಮಾಡುವುದು ನಿರರ್ಥಕ.

ಮೆಮೊರಿಯ ಕಥೆಯೇ ಬೇರೆ. ಈ ಕಾರ್ಡಿನಲ್ಲಿ ಬಿಲ್ಲೆಗೂ ಮೆಮೊರಿಗೂ ನಡುವೆ ಅಂಕಿಗಳನ್ನು ಸಾಗಿಸುವ 320 ತಂತಿಗಳಿವೆ. ಒಂದೊಂದರ ಮೇಲೂ ಸೆಕೆಂಡಿಗೆ 1,900 ಕೋಟಿ ಬಿಟ್ಟುಗಳು ಹಾಯುತ್ತವೆ. ಗುಣಿಸಿ ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 760 ಗಿಗಾಬೈಟು. ಇಷ್ಟು ವೇಗ ಸಾಧಿಸಲು ಮೈಕ್ರಾನ್ ಕಂಪೆನಿಯವರು ಒಂದು ಉಪಾಯ ಮಾಡಿದ್ದಾರೆ. ತಂತಿಯ ಮೇಲೆ ವೋಲ್ಟೇಜು ಇದೆ ಅಥವಾ ಇಲ್ಲ ಎಂಬ ಎರಡು ಮಟ್ಟಗಳ ಬದಲು ನಾಲ್ಕು ಮಟ್ಟಗಳನ್ನು ಇಟ್ಟು, ಒಂದೊಂದು ಸಂಜ್ಞೆಯಲ್ಲಿ ಎರಡೆರಡು ಬಿಟ್ಟುಗಳನ್ನು ಕಳುಹಿಸುತ್ತಾರೆ. ಹಾಗಿದ್ದರೂ ಒಂದು ಸಂಜ್ಞೆಗೆ ದೊರೆಯುವ ಕಾಲ 105 ಪಿಕೋಸೆಕೆಂಡು. ಅಷ್ಟರಲ್ಲಿ ಬೆಳಕು ಮೂರು ಸೆಂಟಿಮೀಟರಿಗಿಂತ ತುಸು ಹೆಚ್ಚು ನಡೆದೀತು. ನಾಲ್ಕು ಮಟ್ಟಗಳಾದುದರಿಂದ ಮಟ್ಟದಿಂದ ಮಟ್ಟಕ್ಕಿರುವ ಅಂತರ ಮೂರರಲ್ಲೊಂದು ಭಾಗಕ್ಕೆ ಇಳಿದಿದೆ. ಸ್ವಲ್ಪ ಗದ್ದಲವಾದರೂ ಎರಡನೆಯ ಮಟ್ಟವನ್ನು ಮೂರನೆಯದೆಂದು ತಪ್ಪಾಗಿ ಓದುವ ಸಂಭವವುಂಟು.

ಮೆಮೊರಿಯ ವೇಗದಿಂದ ಲಾಭವೆಷ್ಟೆಂಬುದು ಕೆಲಸವನ್ನು ಅವಲಂಬಿಸಿದೆ. ಇದಕ್ಕೆ ಒಳ್ಳೆಯ ನಿದರ್ಶನ ಈಥೀರಿಯಮ್ ನಾಣ್ಯದ ಗಣಿಗಾರಿಕೆ. ಅದರ ಪ್ರತಿಯೊಂದು ಲೆಕ್ಕಕ್ಕೂ ಮೆಮೊರಿಯ 64 ಕಡೆಗಳಿಂದ 128 ಬೈಟುಗಳಂತೆ ಒಟ್ಟು 8,192 ಬೈಟುಗಳನ್ನು ಓದಬೇಕಾಗಿತ್ತು. 760 ಗಿಗಾಬೈಟನ್ನು ಇದರಿಂದ ಭಾಗಿಸಿದರೆ ಸೆಕೆಂಡಿಗೆ ಒಂಬತ್ತು ಕೋಟಿ ಇಪ್ಪತ್ತೆಂಟು ಲಕ್ಷ ಲೆಕ್ಕಗಳು. ಬಿಲ್ಲೆ ಎಷ್ಟೇ ಚುರುಕಾಗಿದ್ದರೂ ಇದಕ್ಕಿಂತ ಹೆಚ್ಚು ಸಾಧ್ಯವಿರಲಿಲ್ಲ. ಆದುದರಿಂದ ಗಣಿಗಾರರು ಬಿಲ್ಲೆಯ ವೋಲ್ಟೇಜನ್ನೂ ಬಡಿತವನ್ನೂ ತಗ್ಗಿಸಿ, ಮೆಮೊರಿಯ ಬಡಿತವನ್ನು ಮಾತ್ರ ಏರಿಸುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಆ ನಾಣ್ಯದ ಪದ್ಧತಿಯೇ ಬದಲಾಗಿ ಈ ಉದ್ಯೋಗ ನಿಂತಿತು. ಈಗ ಮನೆಯ ಯಂತ್ರದಲ್ಲಿ ಭಾಷಾಮಾದರಿಗಳನ್ನು ನಡೆಸುವ ವಿದ್ಯಾರ್ಥಿಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ: ಎಂಟು ಗಿಗಾಬೈಟಿನ ಮಾದರಿ ಒಂದೊಂದು ಪದಖಂಡವನ್ನು ಹೊರಡಿಸಲೂ ತನ್ನನ್ನು ಪೂರ್ತಿ ಓದಬೇಕಾದುದರಿಂದ, ಸೆಕೆಂಡಿಗೆ 95 ಪದಖಂಡಗಳೇ ಅದರ ಮೇಲಿನ ಎಲ್ಲೆ.

ಈಗ ಆಫ್ಟರ್‌ಬರ್ನರಿನಲ್ಲಿ ಸುಮಾರು 9,500 ಮೆಗಾಹರ್ಟ್ಸ್ ಎಂದು ಕಾಣುವ ಮೆಮೊರಿಯ ಬಡಿತಕ್ಕೆ 500 ಕೂಡಿಸಿದೆವೆನ್ನಿ. 760 ಇದ್ದುದು 800 ಗಿಗಾಬೈಟಾಗಬೇಕು. ಆಗಿಯೂ ಆಗಬಹುದು. ಇನ್ನಷ್ಟು ಕೂಡಿಸಿದರೆ? ಸಂಜ್ಞೆಗಳು ಆಗಾಗ ತಪ್ಪಾಗಿ ಓದಲ್ಪಡುತ್ತವೆ. ಆದರೆ ತೆರೆ ಕಪ್ಪಾಗುವುದಿಲ್ಲ, ಕೆಲಸ ನಿಲ್ಲುವುದಿಲ್ಲ! ಏಕೆಂದರೆ ಪ್ರತಿ ಕಂತಿನ ಜೊತೆಗೂ ಒಂದು ತಾಳೆಸಂಖ್ಯೆಯನ್ನು ಲೆಕ್ಕಹಾಕಲಾಗುತ್ತದೆ. ತಾಳೆಯಾಗದಿದ್ದರೆ ಆ ಕಂತನ್ನು ಇನ್ನೊಮ್ಮೆ ಕಳುಹಿಸುತ್ತಾರೆ. ದೂರವಾಣಿಯಲ್ಲಿ ಅವಸರವಾಗಿ ಮಾತನಾಡುವವನನ್ನು ‘ಏನೆಂದಿರಿ?’ ಎಂದು ಮತ್ತೆಮತ್ತೆ ಕೇಳಬೇಕಾಗುವಂತೆ, ವೇಗ ಮಿತಿಮೀರಿದಾಗ ಮರುಕಳುಹುವಿಕೆಯಲ್ಲಿಯೇ ಕಾಲ ಕಳೆದುಹೋಗುತ್ತದೆ. ತೆರೆಯ ಮೇಲಿನ ಅಂಕಿ ಏರಿರುತ್ತದೆ, ನಿಜವಾದ ಕೆಲಸ ಇಳಿದಿರುತ್ತದೆ. ಇದನ್ನು ಅಂಕಿಯಿಂದ ತಿಳಿಯಲಾಗದು. ಕೆಲಸವನ್ನು ಅಳೆದೇ ತಿಳಿಯಬೇಕು. ನೂರುನೂರು ಮೆಗಾಹರ್ಟ್ಸು ಏರಿಸುತ್ತ, ಒಂದೇ ಕೆಲಸದ ವೇಗವನ್ನು ಗ್ರಾಫ್ ಕಾಗದದ ಮೇಲೆ ಗುರುತಿಸುತ್ತ ಹೋದರೆ ಒಂದು ಕಡೆ ಗೆರೆ ಬಾಗುವುದು ಕಾಣುತ್ತದೆ. ಅದಕ್ಕಿಂತ ಸಾಕಷ್ಟು ಕೆಳಗೆ ನಿಲ್ಲಬೇಕು. ವೋಲ್ಟೇಜಿನ ಪ್ರಯೋಗವನ್ನೂ ಇದನ್ನೂ ಒಟ್ಟಿಗೆ ಮಾಡಿದರೆ ತಪ್ಪು ಯಾವುದರದೆಂಬುದು ತಿಳಿಯದು. ಬಿಲ್ಲೆಯನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸಿಯೇ ಮೆಮೊರಿಗೆ ಕೈಹಾಕುವುದು ಸರಿ.

ಈ ತಾಳೆಸಂಖ್ಯೆ ಕಾಯುವುದು ತಂತಿಯ ಮೇಲಿನ ಪ್ರಯಾಣವನ್ನು ಮಾತ್ರ. ಮೆಮೊರಿಯ ಒಳಗೆ ಇಟ್ಟ ಬಿಟ್ಟು ಅಲ್ಲಿಯೇ ಕೆಟ್ಟರೆ ಈ ಕಾರ್ಡಿನಲ್ಲಿ ಹೇಳುವವರಿಲ್ಲ. ಆಟದಲ್ಲಿ ಹುಲ್ಲಿನ ಎಸಳೊಂದರ ಬಣ್ಣ ಒಂದು ಕ್ಷಣ ಬದಲಾದರೆ ನಷ್ಟವಿಲ್ಲ. ಆದರೆ ಅದೇ ಕಾರ್ಡಿನಲ್ಲಿ ತನ್ನ ಪ್ರಬಂಧಕ್ಕಾಗಿ ಅಣುಗಳ ಚಲನೆಯನ್ನು ಮೂರು ದಿನ ಲೆಕ್ಕಹಾಕುವ ಎಂಎಸ್‌ಸಿ ವಿದ್ಯಾರ್ಥಿಗೆ ಎರಡನೆಯ ದಿನ ಹೊರಳಿದ ಒಂದು ಬಿಟ್ಟು ಎಲ್ಲಿಗೆ ಒಯ್ಯುವುದೋ ಹೇಳಲಾಗದು. ಆದುದರಿಂದ ನಮ್ಮ ಅಭಿಪ್ರಾಯವಿದು: ವೋಲ್ಟೇಜನ್ನು ಇಳಿಸುವವರು ತಾಳ್ಮೆಯಿಂದ ಪರೀಕ್ಷಿಸಿ ಧಾರಾಳವಾಗಿ ಇಳಿಸಲಿ, ಮೆಮೊರಿಯನ್ನು ಏರಿಸುವವರು ಆಟಕ್ಕೆ ಮಾತ್ರ ಏರಿಸಲಿ. ಗಂಭೀರವಾದ ಗಣನೆಯಾದರೆ, ಗೊತ್ತಾದ ಉತ್ತರವಿರುವ ಒಂದು ದೊಡ್ಡ ಲೆಕ್ಕವನ್ನು ಕಾರ್ಖಾನೆಯ ಸ್ಥಿತಿಯಲ್ಲೊಮ್ಮೆ, ಬದಲಾದ ಸ್ಥಿತಿಯಲ್ಲೊಮ್ಮೆ ನಡೆಸಿ, ಎರಡರ ಫಲಿತಾಂಶಗಳನ್ನೂ ಕೊನೆಯ ಅಂಕಿಯವರೆಗೆ ಹೋಲಿಸಿ ನೋಡಬೇಕು. ಲೆಕ್ಕ ನಡೆಯುವ ಕ್ರಮ ಎರಡು ಸಲವೂ ಒಂದೇ ಆಗಿರುವಂತೆ ನೋಡಿಕೊಳ್ಳದಿದ್ದರೆ ಈ ಹೋಲಿಕೆಗೆ ಅರ್ಥವಿಲ್ಲವೆಂಬುದನ್ನೂ ನೆನಪಿಡಬೇಕು.

ಎನ್‌ವಿಡಿಯಾ ಕಂಪೆನಿಯವರು 3080ರಲ್ಲಿರುವ ಬಿಲ್ಲೆಯ ಜಾತಿಯನ್ನೇ ಬಳಸಿ ವಿಜ್ಞಾನ ಹಾಗೂ ಎಂಜಿನಿಯರಿಂಗ್ ಕೆಲಸಗಳಿಗಾಗಿ ಆರ್‌ಟಿಎಕ್ಸ್ ಎ6000 ಎಂಬ ಬೇರೊಂದು ಕಾರ್ಡನ್ನು ತಯಾರಿಸಿದರು. ಅದರಲ್ಲಿ ನಾಲ್ಕು ಮಟ್ಟದ ಮೆಮೊರಿಯಿಲ್ಲ; ಹಳೆಯ ಎರಡು ಮಟ್ಟದ್ದೇ ಇದೆ. ಒಂದು ತಂತಿಯ ವೇಗ ಸೆಕೆಂಡಿಗೆ 1,600 ಕೋಟಿ ಬಿಟ್ಟು, ತಂತಿಗಳು 384, ಒಟ್ಟು 768 ಗಿಗಾಬೈಟು. ಕೆಟ್ಟ ಬಿಟ್ಟನ್ನು ಕಂಡುಹಿಡಿದು ತಿದ್ದುವ ಏರ್ಪಾಟೂ ಅದರಲ್ಲಿದೆ, ಬೇಕೆಂದಾಗ ಅದನ್ನು ಹಾಕಿಕೊಳ್ಳಬಹುದು.